ಇಳಿಯುವುದು

ರಾತ್ರಿ ಎರಡೂವರೆ. ಕಾಯಾನಿ ಊರಿನಾಚೆಯ ರಸ್ತೆ.
ನನ್ನ ಲಾರಿಯ ಮುಂದೆ ಉಕ್ಕಿನ ಹಲಗೆ,
ಹಲಗೆಯ ಮುಂದೆ ಹಿಮ,
ಹಿಮದ ಮುಂದೆ ಮತ್ತೆ ಹಿಮ.
ಗೋರಿದಷ್ಟೂ ಇಳಿಯುತ್ತದೆ.
ಇದು ನನ್ನ ಕೆಲಸ, ದೂರಿಲ್ಲ.

ಗಾಜಿಗೆ ಅಂಟಿಸಿದ ಫೋನಿನಲ್ಲಿ ಹೆಲ್ಕಾಳ ರಕ್ತ
ಅಂಕಿಯಾಗಿ ಕೂತಿದೆ: ಆರು ಬಿಂದು ಎರಡು.
ಪಕ್ಕದಲ್ಲೊಂದು ಬಾಣ.
ತೋಳಿಗೆ ಮೆತ್ತಿದ ಬಿಲ್ಲೆ
ಐದೈದು ನಿಮಿಷಕ್ಕೆ ನನಗೆ ಚಾಡಿ ಹೇಳುತ್ತದೆ
ಅವಳು ಹೇಳದ್ದನ್ನೆಲ್ಲ.

ಒಂಬತ್ತನೇ ವಯಸ್ಸಿನಿಂದ ಸೂಜಿ ಅವಳಿಗೆ.
ಮದುವೆಗೆ ಮುಂಚೆ, ದೋಣಿಯಲ್ಲಿ ಮೀನಿಗೆ ಕಾಯುತ್ತ ಅಂದಿದ್ದಳು:
"ನನ್ನ ಜೊತೆ ಬಾಳೋದು ಅಂದ್ರೆ ಲೆಕ್ಕದ ಜೊತೆ ಬಾಳೋದು."
ನಾನು ಲೆಕ್ಕದಲ್ಲಿ ದಡ್ಡ. ಹೂಂ ಅಂದೆ.

ವಿಲ್ಯಾ ಹುಟ್ಟುವ ಮೂರು ವಾರ ಮುಂಚೆ
ಅಡುಗೆಮನೆಯ ಮೇಜಿಗೆ ಕೂತು ಎದೆ ಹಿಂಡಿ
ಹಳದಿ ಗಿಣ್ಣನ್ನು ಹನಿ ಹನಿ ಹಿಡಿದಳು
ಬೆರಳುದ್ದದ ಸಿರಿಂಜುಗಳಲ್ಲಿ.
ಫ್ರೀಜರಿನೊಳಗೆ ನಾನು ಹಿಡಿದ ಮೀನಿನ ಪಕ್ಕ
ಹನ್ನೊಂದು ಸಿರಿಂಜು, ತಾರೀಖಿನ ಚೀಟಿ ಸಮೇತ.
ಯಾಕೆ ಅಂದೆ.
"ನನ್ನಂಥವರಿಗೆ ಹಾಲು ತಡವಾಗಿ ಇಳಿಯಬಹುದಂತೆ,"
ಬಸ್ಸು ತಡ ಅನ್ನುವ ದನಿಯಲ್ಲಿ.

ಹಾಗೇ ಆಯಿತು.
ಅಮ್ಮನ ಸಿಹಿಗೆ ಒಗ್ಗಿದ್ದ ಕೂಸು
ಬಳ್ಳಿ ಕತ್ತರಿಸಿದ್ದೇ ಬಡವಾಯಿತು;
ಹಿಮ್ಮಡಿ ಚುಚ್ಚಿ ನೋಡಿದರೆ ಅಂಕಿ ತಳದಲ್ಲಿ.
ಹನ್ನೊಂದೂ ಸಿರಿಂಜು ಒಂದೂವರೆ ದಿನಕ್ಕೆ ಖಾಲಿ.
ಎರಡನೇ ದಿನ ಎದೆ ಮೆತ್ತಗೆ.
ಮೂರನೇ ದಿನವೂ.
ಪಕ್ಕದ ಮಂಚದ ಹುಡುಗಿಯ ಅಂಗಿ ಒದ್ದೆಯಾಗಿ
ಅವಳು ನಾಚಿ ಶಾಲು ಎಳೆದುಕೊಂಡಳು.
ಹೆಲ್ಕಾ ಗೋಡೆಗೆ ಮುಖ ಮಾಡಿದಳು.

ಯಾರೋ ತಾಯಿಯ ಹಾಲು ಬಾಟಲಿಯಲ್ಲಿ ಬಂತು,
ಹೆಸರಿಲ್ಲ, ಬರೀ ನಂಬರು.
ಕೂಸು ಗಟಗಟ ಕುಡಿಯಿತು.
ಹೆಲ್ಕಾ ನೋಡುತ್ತಲೇ ಇದ್ದಳು,
ಋಣವೂ ಹೊಟ್ಟೆಕಿಚ್ಚೂ ಒಂದೇ ಮುಖದಲ್ಲಿ.

ಸೂಲಗಿತ್ತಿ ಸಿರ್ಪಾ ಪಂಪನ್ನು ಮಂಚದ ಮೇಲಿಟ್ಟು
"ಎರಡೆರಡು ಗಂಟೆಗೆ," ಅಂದಳು. "ಬರದಿದ್ದರೂ."
ಆ ಕೊನೆಯ ಮಾತು ನನಗೆ ಗೊತ್ತಿತ್ತು.
ರಸ್ತೆ ಗೋರುವವರೂ ಹೀಗೇ,
ನಿಲ್ಲದಿದ್ದರೂ.

ಐದನೇ ದಿನ ನಸುಕಿಗೆ ಇಳಿಯಿತು.
ಹೆಲ್ಕಾ ನನ್ನನ್ನು ಎಬ್ಬಿಸಲಿಲ್ಲ;
ಕುರ್ಚಿಯಲ್ಲಿ ಮಲಗಿದ್ದ ನನ್ನ ಕೈ ಎಳೆದು
ಒದ್ದೆಯಾದ ಅಂಗಿಯ ಮೇಲಿಟ್ಟುಕೊಂಡಳು.

ಹಾಲೂ ಸಕ್ಕರೆಯೂ ಬಲು ಹೊಂದುತ್ತವೆ ಅಂದವರು ಯಾರೋ.
ಅವಳ ಮೈಯೊಳಗೆ ಅವು ಬೇಲಿ ಜಗಳದ ನೆರೆಮನೆಗಳು.
ಅಂದು ಸಕ್ಕರೆ ಹಾಲಿಗೆ ಬಾಗಿಲು ತೆಗೆಯಲಿಲ್ಲ,
ಇಂದು ಹಾಲು ಇಳಿವಾಗೆಲ್ಲ
ಸಕ್ಕರೆಯ ಕೈ ಹಿಡಿದು ದರದರ ಎಳೆದುಕೊಂಡೇ ಇಳಿಯುತ್ತದೆ.

ಫೋನು ಕಿರುಚಿತು.
ಮೂರು ಬಿಂದು ಒಂದು. ಬಾಣ ಕೆಳಕ್ಕೆ.
ಕರೆದೆ. ಎತ್ತಲಿಲ್ಲ.
ಮತ್ತೆ ಕರೆದೆ.
ಮನೆ ನಲವತ್ತು ಕಿಲೋಮೀಟರು,
ನಡುವೆ ನಾನಿನ್ನೂ ಗೋರದ ಹಿಮ.
ಎರಡು ಬಿಂದು ಒಂಬತ್ತು.
ಹಲಗೆ ಮೇಲೆತ್ತಿ ಲಾರಿ ತಿರುಗಿಸಿದೆ,
ಕೆಲಸ ಬಿಟ್ಟದ್ದು ಬದುಕಿನಲ್ಲಿ ಅದೊಂದೇ ಸಲ.
ಪೈನ್ ಮರಗಳು ಕಂಡವು, ಕಾಣಲಿಲ್ಲ.
ಎರಡು ಬಿಂದು ಒಂಬತ್ತು.
ಮೂರು ಬಿಂದು ಮೂರು.
ಬಾಣ ಅಡ್ಡ ತಿರುಗಿತು.
ಆಮೇಲೆ ಉಸಿರಾಡಿದೆನೇನೋ, ಗಾಜು ಮಂಜಾಯಿತು.

ಬಾಗಿಲು ತೆಗೆದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು.
ಅವಳು ನೆಲದ ಮೇಲೆ, ಬೀರುವಿಗೆ ಬೆನ್ನು ಕೊಟ್ಟು.
ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಬ್ಲೂಬೆರಿ ರಸದ ಡಬ್ಬಿ.
ಕೂಸು ಹೀರುತ್ತಿತ್ತು. ತಾಯಿಯೂ ಹೀರುತ್ತಿದ್ದಳು,
ಹಣೆ ಬೆವೆತು, ಕೈ ಇನ್ನೂ ನಡುಗುತ್ತ.
ಕಡ್ಡಿಯಿಂದ ಬಾಯಿ ತೆಗೆದು ಅಂದಳು:
"ಎಷ್ಟು ಸಲ ಫೋನ್ ಮಾಡ್ತೀಯ, ಮಾರಾಯ?
ನನಗಿರೋದು ಎರಡೇ ಕೈ."

ಬೂಟು ಬಿಚ್ಚಿದೆ.
ಇನ್ನೊಂದು ಡಬ್ಬಿಗೆ ಕಡ್ಡಿ ಚುಚ್ಚಿ ಅವಳ ಮೊಣಕಾಲ ಬಳಿ ಇಟ್ಟೆ.
ಹೊರಗೆ, ನಾನು ಗೋರಿ ಬಂದಿದ್ದ ರಸ್ತೆಯ ಮೇಲೆ,
ಮತ್ತೆ.